ಟೆಂಟಿಗೆ ಚಿಲಕವಿಲ್ಲ

ಬೀಗದ ಅಂಗಡಿಯಿಂದ,
ಗುರುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಎಂಜಿನ್ನಿನ ಸದ್ದಿಗೆ ಕಿವಿ ಗುಯ್ಯೆನ್ನುವುದು ಕಡಿಮೆಯಾಯಿತೇ? ಹಾಸ್ಟೆಲಿನ ಕಿಟಕಿಯ ಕೊಂಡಿ ಸಡಿಲವಾಗಿದೆ ಎಂದಿದ್ದೆಯಲ್ಲ, ಯಾರಾದರೂ ಸರಿ ಮಾಡಿದರೇ? ಮಾಡದಿದ್ದರೆ ರಟ್ಟಿನ ಚೂರು ಮಡಿಸಿ ಸಂದಿಗೆ ತುರುಕು, ಸದ್ಯಕ್ಕೆ ಅಲ್ಲಾಡುವುದಿಲ್ಲ. ರೈಲು ಓಡಿಸಲು ಕಲಿಯುವವಳಿಗೆ ನಿದ್ದೆ ಕೆಡಬಾರದು. ನಾನು ಚೆನ್ನಾಗಿದ್ದೇನೆ. ಎಡ ಮೊಣಕಾಲು ನೋಯುತ್ತದೆ. ಒಂದೊಂದು ದಿನ ನೋಯುವುದಿಲ್ಲ, ಆಗ ಏನಾಯಿತೋ ಎಂದು ಅದೇ ಇನ್ನೊಂದು ಚಿಂತೆ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನೀನು "ಆಮೇಲೆ? ಆಮೇಲೆ?" ಅನ್ನುತ್ತೀಯ, ನಾನು "ಎಲ್ಲಾ ಆರಾಮ" ಎಂದು ಇಟ್ಟುಬಿಡುತ್ತೇನೆ. ನೀನು ಹೋದ ಐದು ತಿಂಗಳಿಂದಲೂ ಇದೇ ಆಗಿದೆ. ಕಾಗದವಾದರೆ ನಡುವೆ ಬಾಯಿ ಹಾಕುವುದಿಲ್ಲ. ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟು ಕಬ್ಬಿಣ ತಿಕ್ಕುವ ಅರ ಕೈಗೆ ತೆಗೆದುಕೊಂಡವನು ನಾನು, ನಿನಗೆ ಗೊತ್ತೇ ಇದೆ. ಒತ್ತಕ್ಷರ ಅಲ್ಲಲ್ಲಿ ಉದುರಿದ್ದರೆ ನೀನೇ ಎತ್ತಿಟ್ಟುಕೊಂಡು ಓದು.

ಸಮಾಚಾರ ಏನೆಂದರೆ, ನಿನ್ನ ಮಗಳು, ನಮ್ಮ ಸ್ಪ್ರಿಂಗು, ನಾಳೆ ಬೆಳಿಗ್ಗೆ ಶಾಲೆಯವರ ಜೊತೆ ಕ್ಯಾಂಪಿಂಗಿಗೆ ಹೊರಟಿದ್ದಾಳೆ. ಎರಡು ರಾತ್ರಿ ಟೆಂಟಿನಲ್ಲಿ ಮಲಗುವುದಂತೆ. ಗುಡ್ಡದ ಮೇಲಿನ ಹುಲ್ಲುಬಯಲು. ಅಲ್ಲಿ ಕೆರೆ, ಹೊಳೆ, ಬಾವಿ, ಪ್ರಪಾತ ಒಂದೂ ಇಲ್ಲ, ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ. ಮೂರನೇ ಸಲ ಕೇಳಿದಾಗ ಟೀಚರಮ್ಮ, "ಬೇಕಾದ್ರೆ ಗುಡ್ಡಾನೇ ಒಂದ್ಸಲ ನಿಮ್ಮ ಅಂಗಡಿ ಮುಂದೆ ತಂದು ತೋರಿಸ್ತೀನಿ" ಎಂದರು. ಒಳ್ಳೆಯವರೇ, ಬಾಯಿ ಸ್ವಲ್ಪ ಚುರುಕು. ಒಂದು ವಾರದಿಂದ ಚೀಲ ತುಂಬುವುದೇ ಕೆಲಸವಾಗಿದೆ. ನಾನು ತುಂಬುತ್ತೇನೆ, ಅವಳು ತೆಗೆಯುತ್ತಾಳೆ. ಸೀಟಿ ಒಂದು ಎಂದು ಶಾಲೆಯ ಪಟ್ಟಿಯಲ್ಲಿತ್ತು, ಕೆಟ್ಟರೆ ಇರಲಿ ಎಂದು ಇನ್ನೊಂದು ಹಾಕಿದೆ. "ಸೀಟಿ ಹೇಗೆ ಕೆಡುತ್ತೆ ತಾತ?" ಎಂದು ಕೇಳಿದಳು. ಆದರೂ ಜೇಬಿನ ಮೂಲೆಯಲ್ಲಿ ಎರಡನೆಯದು ಇದೆ, ಅವಳಿಗೆ ಗೊತ್ತಿಲ್ಲ.

ಹೋದ ಶನಿವಾರ ತಂದೆತಾಯಂದಿರನ್ನು ಕರೆದು ಆಟದ ಮೈದಾನದಲ್ಲಿ ಒಂದು ಟೆಂಟು ಕಟ್ಟಿ ತೋರಿಸಿದರು. ನಾನು ಮುಂದೆ ಹೋಗಿ ಒಳಗೂ ಹೊರಗೂ ಕೈಯಾಡಿಸಿ ನೋಡಿ, "ಚಿಲಕ ಎಲ್ಲಿ ಬರುತ್ತೆ?" ಎಂದೆ. ಎಲ್ಲರೂ ನಕ್ಕರು. ಬರೀ ಜಿಪ್ಪಂತೆ. ನಲವತ್ತು ವರ್ಷ ಊರಿನ ಬಾಗಿಲುಗಳಿಗೆಲ್ಲ ಬೀಗ ಕೂರಿಸಿದವನ ಮೊಮ್ಮಗಳು ಜಿಪ್ಪಿನ ಹಿಂದೆ ಮಲಗಬೇಕು. ಜಿಪ್ಪಿನ ಎರಡು ನಾಲಗೆಗಳ ತೂತನ್ನು ಉಗುರಿನಲ್ಲಿ ಅಳೆದುಕೊಂಡು ಬಂದೆ. ಎರಡು ದಿನ ಕೂತು ಅಂಗಿಯ ಗುಂಡಿಯಷ್ಟು ದೊಡ್ಡದೊಂದು ಬೀಗ ಮಾಡಿದೆ. ನಾನೇ ಹೇಳಿಕೊಳ್ಳಬಾರದು, ಅಷ್ಟು ಸಣ್ಣ ಕೆಲಸ ಈ ಕೈ ಈವರೆಗೆ ಮಾಡಿರಲಿಲ್ಲ. ಪಕ್ಕದಂಗಡಿಯ ಟೈಲರಮ್ಮ ಅದನ್ನು ಅಂಗೈಲಿಟ್ಟು ತಿರುಗಿಸಿ ನೋಡಿ, "ಬೀಗ ಚಿನ್ನದ ಹಾಗಿದೆ ಯಜಮಾನ್ರೇ. ಆದ್ರೆ ಗೋಡೆ ಬಟ್ಟೇದಲ್ವಾ, ನನ್ನ ಕತ್ರಿ ಸಾಕಲ್ಲ" ಎಂದಳು. ಬಟ್ಟೆಗೆ ಬೀಗ ಹಾಕಲು ಹೊರಟಿದ್ದೇನೆಂಬುದು ಆಗ ತಲೆಗೆ ಹೋಯಿತು.

ಇಷ್ಟೆಲ್ಲ ಯಾಕೆ ಒದ್ದಾಡಿದೆ ಎಂದರೆ, ಅದನ್ನೇ ಹೇಳಬೇಕಾಗಿದೆ. ನಿಂತಿದ್ದರೆ ಕೂತುಕೋ. ನೀನು ಹೋದ ಮೂರನೇ ವಾರದಿಂದ ಸ್ಪ್ರಿಂಗು ನಿದ್ದೆಯಲ್ಲಿ ಎದ್ದು ನಡೆಯುತ್ತಾಳೆ. ಇಲ್ಲಿಯ ತನಕ ಐದು ಸಲ. ಬೇರೆಲ್ಲೂ ಹೋಗುವುದಿಲ್ಲ, ನೇರ ಮುಂಬಾಗಿಲಿಗೆ ಹೋಗಿ ಚಿಲಕವನ್ನು ಮೂರು ಸಲ ಮುಟ್ಟಿ ನೋಡಿ ನಿಂತುಕೊಳ್ಳುತ್ತಾಳೆ. ಕೈ ಹಿಡಿದರೆ ಸುಮ್ಮನೆ ಬಂದು ಮಲಗುತ್ತಾಳೆ. ಬೆಳಗಾದರೆ ಒಂದೂ ನೆನಪಿರುವುದಿಲ್ಲ. ಮೂರು ಸಲ ಮುಟ್ಟುವುದು ಯಾರಿಂದ ಬಂತೆಂದು ಕೇಳಬೇಡ, ಚಿಕ್ಕವಳಿದ್ದಾಗ ಬಾಗಿಲ ಹತ್ತಿರ ನಿಂತು ನಾನು ಚಿಲಕ ಮುಟ್ಟುವುದನ್ನು ಎಣಿಸುತ್ತಿದ್ದವಳು ನೀನೇ. ಡಾಕ್ಟರಮ್ಮನಿಗೆ ತೋರಿಸಿದೆ. ಈ ವಯಸ್ಸಿನಲ್ಲಿ ಕೆಲವು ಮಕ್ಕಳಿಗೆ ಇರುತ್ತದೆ, ಬೆಳೆಯುತ್ತ ಹೋಗುತ್ತದೆ, ಹೊರಗೆ ಹೋಗದಂತೆ ನೋಡಿಕೊಂಡರೆ ಸಾಕು ಎಂದರು. ಬಾಗಿಲಿನ ಮೇಲುಗಡೆ, ಅವಳಿಗೆ ಎಟುಕದ ಹಾಗೆ, ಇನ್ನೊಂದು ಚಿಲಕ ಕೂರಿಸಿದ್ದೇನೆ. ನಿನಗೆ ಹೇಳಲಿಲ್ಲ. ಹೇಳಿದ್ದರೆ ಅವತ್ತೇ ತರಬೇತಿ ಬಿಟ್ಟು ಗಂಟುಮೂಟೆ ಕಟ್ಟುತ್ತಿದ್ದೆ. ಕಣ್ಣು ಹಳಿಯ ಮೇಲಿರಬೇಕಾದವಳ ತಲೆಯಲ್ಲಿ ಇದನ್ನು ತುಂಬುವುದು ಹೇಗೆ? ತಪ್ಪು ನನ್ನದೇ. ಬೈಯುವುದಿದ್ದರೆ ನನ್ನನ್ನು ಬೈ, ಅವಳನ್ನಲ್ಲ.

ಶಾಲೆಯವರು ಒಪ್ಪಿಗೆ ಪತ್ರ ಕೊಟ್ಟಿದ್ದರು. ಹೆಸರು, ವಿಳಾಸ, ಫೋನ್ ನಂಬರನ್ನೆಲ್ಲ ಸ್ಪ್ರಿಂಗು ಓದಿ ಹೇಳುತ್ತ ತಾನೇ ತುಂಬಿದಳು. ಕೊನೆಗೊಂದು ಸಾಲು: ಮಗುವಿನ ಬಗ್ಗೆ ನಾವು ತಿಳಿದಿರಬೇಕಾದ ವಿಷಯ. ಅವಳು ಪೆನ್ನು ಎತ್ತಿ ನನ್ನ ಮುಖ ನೋಡಿದಳು. ಹೇಳಿದರೆ ಕರೆದುಕೊಂಡು ಹೋಗುವುದಿಲ್ಲ, ಕರೆದುಕೊಂಡು ಹೋದರೂ ಹುಡುಗರು ಆಡಿಕೊಂಡು ನಗುತ್ತಾರೆ. ಹೇಳದೆ ಕಳಿಸಿದರೆ ನನ್ನ ಗತಿ ಏನು? ಕೊನೆಗೆ ಬೀಗವಂತೂ ಇದೆಯಲ್ಲ ಎಂದುಕೊಂಡು ಪೆನ್ನು ಇಸಿದುಕೊಂಡು "ಏನೂ ಇಲ್ಲ" ಎಂದು ನಾನೇ ಬರೆದೆ. ಅವಳ ಕೈಯಲ್ಲಿ ಸುಳ್ಳು ಬರೆಸಬಾರದೆಂದು. ಅವಳು ಆ ಅಕ್ಷರಗಳನ್ನೇ ನೋಡುತ್ತಿದ್ದಳು. ಟೈಲರಮ್ಮ ಕತ್ತರಿಯ ಮಾತು ಆಡಿದ್ದು ಇದಾದ ಮಾರನೇ ದಿನ. ಆಗಿನಿಂದ ನಾನು ಬರೆದ ಆ ಎರಡು ಮಾತೇ ತಲೆ ಕೊರೆಯುತ್ತಿತ್ತು.

ನಿನ್ನೆ ಟೀಚರಮ್ಮ ಅಂಗಡಿಗೆ ಬಂದರು. ಬೀರುವಿನ ಕೀ ಒಂದು ನಕಲು ಬೇಕು ಎಂದರು. ನಾನು ಅರ ತಿಕ್ಕುತ್ತಿದ್ದಾಗ ಮೆಲ್ಲಗೆ ಆ ಒಪ್ಪಿಗೆ ಪತ್ರವನ್ನು ಮುಂದಿಟ್ಟರು. ನನ್ನ "ಏನೂ ಇಲ್ಲ" ಎಂಬುದನ್ನು ಸ್ಕೇಲು ಇಟ್ಟು ನೀಟಾಗಿ ಹೊಡೆದುಹಾಕಿತ್ತು. ಕೆಳಗೆ ಸ್ಪ್ರಿಂಗುವಿನ ದುಂಡನೆಯ ಅಕ್ಷರ: "ನಾನು ನಿದ್ದೆಯಲ್ಲಿ ನಡೆಯುತ್ತೇನೆ. ಹೆದರಬೇಡಿ. ಕೈ ಹಿಡಿದರೆ ವಾಪಸ್ ಬಂದು ಮಲಗುತ್ತೇನೆ."

ನಾನು ಅರ ಕೆಳಗಿಟ್ಟು ಕಾಗದವನ್ನು ಬೆಳಕಿಗೆ ಹಿಡಿದೆ. ಟೀಚರಮ್ಮ ಸ್ಟೂಲಿನ ಮೇಲೆ ಕೂತು ಹೇಳಿದರು. ಬರೆದದ್ದಷ್ಟೇ ಅಲ್ಲವಂತೆ. ಯಾರು ಯಾವ ಟೆಂಟು ಎಂದು ಹಂಚುವಾಗ ಎದ್ದು ನಿಂತು ಇಡೀ ಕ್ಲಾಸಿನ ಎದುರು ಅದೇ ಮಾತು ಹೇಳಿದಳಂತೆ. ಮಕ್ಕಳಲ್ಲಿ ಯಾರೋ ಕಿಸಕ್ಕೆಂದರಂತೆ. ಅಷ್ಟರಲ್ಲಿ ಎಲ್ಲರಿಗಿಂತ ಎತ್ತರದ ಹುಡುಗಿ ಎದ್ದು, ತನಗೆ ದೀಪ ಆರಿದರೆ ಅಳು ಬರುತ್ತದೆ ಎಂದಳಂತೆ. ಆಮೇಲೆ ಒಬ್ಬ, ಅಜ್ಜಿಯ ಗೊರಕೆ ಕೇಳದಿದ್ದರೆ ನಿದ್ದೆ ಬರುವುದಿಲ್ಲ ಎಂದನಂತೆ. "ಹನ್ನೊಂದು ವರ್ಷದಿಂದ ಮಕ್ಕಳನ್ನ ಕರ್ಕೊಂಡು ಹೋಗ್ತಿದೀನಿ. ಆ ಸಾಲಿನಲ್ಲಿ ನಿಜ ಬರೆದು ತಂದಿದ್ದು ಇವಳೊಬ್ಬಳೇ" ಎಂದರು. ಸ್ಪ್ರಿಂಗು ಅವರ ಟೆಂಟಿನಲ್ಲೇ, ಅವರ ಮತ್ತು ಆ ಎತ್ತರದ ಹುಡುಗಿಯ ನಡುವೆ ಮಲಗುತ್ತಾಳೆ. ರಾತ್ರಿ ಹೊರಗೆ ಇನ್ನಿಬ್ಬರು ಮೇಷ್ಟ್ರು ಸರದಿಯಲ್ಲಿ ಎದ್ದಿರುತ್ತಾರೆ. ಇದನ್ನು ಎರಡು ಸಲ ಮಾತ್ರ ಕೇಳಿದೆ.

ಸಂಜೆ ಅವಳು ಬಂದಾಗ ಬೈಯಬೇಕೋ ಎತ್ತಿಕೊಳ್ಳಬೇಕೋ ತಿಳಿಯಲಿಲ್ಲ. ಎತ್ತಿಕೊಳ್ಳುವ ವಯಸ್ಸೂ ದಾಟಿದೆ, ನನ್ನ ಮೊಣಕಾಲೂ ಒಪ್ಪುವುದಿಲ್ಲ. "ಹೆದರಿಕೆ ಆಗ್ಲಿಲ್ವೇನೇ?" ಎಂದೆ. "ಆಯ್ತು. ಆದ್ರೆ ಟೆಂಟಿಗೆ ಚಿಲಕಾನೇ ಇಲ್ಲ ತಾತ, ನಾನು ಎದ್ದು ಏನು ಮುಟ್ಟಿ ನೋಡ್ಲಿ?" ಎಂದಳು. ನಗು ತಡೆಯಲಾಗಲಿಲ್ಲ, ಕಣ್ಣಲ್ಲೂ ಅದೇ ಹೊತ್ತಿಗೆ ನೀರು. ಆಮೇಲೆ ಕೇಳಿದಳು, "ನಾನು ಇಡೀ ಕ್ಲಾಸಿಗೆ ಹೇಳ್ದೆ. ನೀನು ಅಮ್ಮಂಗೆ ಒಬ್ಬಳಿಗೆ ಹೇಳೋಕಾಗಲ್ವಾ?" ಅದಕ್ಕೇ ಈ ಕಾಗದ.

ಬೀಗ ಕಳಿಸುತ್ತಿಲ್ಲ. ಒಂದು ಉಂಗುರಕ್ಕೆ ಹಲ್ಲು ಕೊರೆಯದ ನಾಲ್ಕು ಕೀ ಪೋಣಿಸಿ ಕೊಟ್ಟಿದ್ದೇನೆ, ಜಿಪ್ಪಿಗೆ ನೇತುಹಾಕಲು. ಯಾವ ಬಾಗಿಲನ್ನೂ ತೆರೆಯುವುದಿಲ್ಲ, ಮುಚ್ಚುವುದೂ ಇಲ್ಲ. ಜಿಪ್ಪು ಅಲ್ಲಾಡಿದರೆ ಝಣ್ ಎನ್ನುತ್ತವೆ, ಟೀಚರಮ್ಮನಿಗೆ ಎಚ್ಚರವಾಗುತ್ತದೆ. ಬೆಳಿಗ್ಗೆ ಸ್ಪ್ರಿಂಗು ಒಯ್ದು ತೋರಿಸಿದ ಮೇಲೆ ಹೇಳಿಕಳಿಸಿದ್ದರು, ಎಲ್ಲ ಟೆಂಟಿಗೂ ಒಂದೊಂದು ಬೇಕಂತೆ. ಈಗ ಒಂದು ಕೈಯಲ್ಲಿ ಅದನ್ನೇ ಮಾಡುತ್ತ ಇನ್ನೊಂದರಲ್ಲಿ ಇದನ್ನು ಬರೆಯುತ್ತಿದ್ದೇನೆ, ಎಣ್ಣೆಯ ಕಲೆಗೆ ಬೇಸರಿಸಬೇಡ. ಒಪ್ಪಿಗೆ ಪತ್ರದ ಜೆರಾಕ್ಸ್ ಇದರ ಜೊತೆ ಇಟ್ಟಿದ್ದೇನೆ. ಇನ್ನೊಂದನ್ನು ಅಂಗಡಿಯಲ್ಲಿ ಕೀಗಳನ್ನು ತೂಗುಹಾಕುವ ಹಲಗೆಯ ಮೇಲೆ ಅಂಟಿಸಿದ್ದೇನೆ. ಬಂದವರೆಲ್ಲ ಓದುತ್ತಾರೆ. ಓದದವರಿಗೆ ಟೈಲರಮ್ಮ ಓದಿ ಹೇಳುತ್ತಾಳೆ.

ಹೊಟ್ಟೆ ತುಂಬ ಉಣ್ಣು, ಕಣ್ಣು ತುಂಬ ನಿದ್ದೆ ಮಾಡು. ನಿನ್ನ ಹಳಿಯೆಲ್ಲ ನೇರವಾಗಿರಲಿ.

ಇಂತಿ,
ನಿನ್ನ ಅಪ್ಪ

ಶುಕ್ರವಾರ ಬೆಳಿಗ್ಗೆ, ಅವಸರದಲ್ಲಿ: ಬಸ್ಸು ಈಗ ಹೋಯಿತು. ಹೊರಟ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದಳು: "ಅಮ್ಮಂಗೆ ಬರಿ ತಾತ, ರಜೆ ಹಾಕಿ ಓಡಿ ಬರಬೇಡ ಅಂತ. ಪರೀಕ್ಷೆ ಮುಗಿಸ್ಕೊಂಡೇ ಬಾ ಅಂತ. ಕೈ ಹಿಡ್ಕೊಳ್ಳೋಕೆ ಇಲ್ಲಿ ಬೇಕಾದಷ್ಟು ಜನ ಇದಾರೆ ಅಂತ." ತಲೆ ಒಳಗೆ ಹಾಕು ಎಂದು ನಾನು ಕೂಗಿದ್ದು ಅವಳಿಗೆ ಕೇಳಿಸಲಿಲ್ಲ. ಆದ್ದರಿಂದ ಬರಬೇಡಮ್ಮ, ಮುಗಿಸಿಯೇ ಬಾ. ಮನೆಯ ಬಾಗಿಲು ಹಾಕಿದೆನೋ ಇಲ್ಲವೋ ನೆನಪಾಗುತ್ತಿಲ್ಲ. ಇದನ್ನು ಅಂಚೆ ಡಬ್ಬಿಗೆ ಹಾಕಿ ಹಾಗೆಯೇ ಹೋಗಿ ನೋಡಿ ಬರುತ್ತೇನೆ, ಒಂದೇ ಸಲ.