ನೆರೆಮನೆಯ ಬಂದೂಕನ್ನು ಮರಳಿ ಕೊಡಬೇಡಿ

ಬಂದೂಕಿನ ಪರವಾನಗಿಗೆ ಸಹಿ ಹಾಕುವ ಮಾನ್ಯರೇ,

ಪೊಲೀಸರು ವಶಕ್ಕೆ ಪಡೆದಿರುವ, ನಮ್ಮ ನೆರೆಮನೆಯ ಮುರುಗೆಪ್ಪನವರ ಬಂದೂಕನ್ನು ಬರುವ ವಾರ ಅವರಿಗೆ ಮರಳಿಸುತ್ತೀರೆಂದು ನಿಮ್ಮ ಕಚೇರಿಯಲ್ಲಿ ತಿಳಿಯಿತು. ದಯವಿಟ್ಟು ಮರಳಿಸಬೇಡಿ.

ಮುಗದ ಊರಿನ ತಮ್ಮ ಹೊಲಕ್ಕೆ ಕಾಡುಹಂದಿಗಳು ಬರುತ್ತವೆಂದು ಅವರು ಪರವಾನಗಿ ಕೇಳಿದರು, ನೀವು ಕೊಟ್ಟಿರಿ. ಹಂದಿಗಳು ಇಂದಿಗೂ ಮುಗದದಲ್ಲಿವೆ. ಬಂದೂಕು ಮಾತ್ರ ಧಾರವಾಡದ ನಮ್ಮ ಓಣಿಯಲ್ಲಿ, ಅವರ ಮನೆಯ ಕಪಾಟಿನಲ್ಲಿ ವಾಸವಾಗಿತ್ತು. ನಮ್ಮ ಓಣಿಯಲ್ಲೂ ಹಂದಿಗಳಿವೆ ನಿಜ, ಆದರೆ ಅವುಗಳಿಗೆ ಬೇರೆ ಇಲಾಖೆಯಿದೆಯಲ್ಲವೇ?

ಮಹಾನವಮಿಯ ಖಂಡೇಪೂಜೆಯಂದು ಬಂದೂಕನ್ನೂ ಕಾಡತೂಸುಗಳನ್ನೂ ಕುಡಗೋಲು, ಕೊಡಲಿಗಳ ಜೊತೆ ಇಟ್ಟು ಕುಂಕುಮ ಹಚ್ಚುತ್ತಾರೆ. ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಕದಲಿಸಬಾರದೆಂಬ ನೇಮ ಅವರ ಮನೆಯಲ್ಲಿದೆ. ಹಾಗಾಗಿ ಆ ಒಂದು ದಿನ ಅದಕ್ಕೆ ಕೀಲಿಯಿಲ್ಲ. ಕ್ರೈಸ್ತಳಾದ ನಾನು ಇದನ್ನು ಹೇಳಬಹುದೇ ಎಂದು ಬಹಳ ಯೋಚಿಸಿದೆ. ಅವರ ಮನೆಯ ಹೋಳಿಗೆಯನ್ನು ವರ್ಷವೂ ತಿನ್ನುವವಳು ಹೇಳಬಹುದು ಎಂದುಕೊಂಡಿದ್ದೇನೆ.

ಈ ವರ್ಷ ಅಂದು ಮಧ್ಯಾಹ್ನ ದೊಡ್ಡವರು ಉಂಡು ಮಲಗಿದ್ದಾಗ, ಪಿಯುಸಿ ಓದುವ ಅವರ ಮಗ ಬಸವಕಿರಣ ಬಂದೂಕನ್ನು ಮಾಳಿಗೆಗೆ ಒಯ್ದ. ಕೋಚಿಂಗ್ ಕ್ಲಾಸಿನಲ್ಲಿ ತನ್ನನ್ನು ಹಂಗಿಸಿದ ಶಿವಯೋಗೀಶನಿಗೆ ಕಳಿಸಲು ಒಂದು ವಿಡಿಯೋ ಬೇಕಿತ್ತಂತೆ. "ನೋಡ್ಕೋಲೇ ಶಿವಯೋಗೀಶ, ಮುಂದಿನ ಪಾಳಿ ನಿಂದ" ಎಂದವನೇ ನಮ್ಮ ಮಾಳಿಗೆಯ ನೀರಿನ ಟ್ಯಾಂಕಿಗೆ ಹೊಡೆದ. ನಾನು ಆಗತಾನೇ ಒಣಗಿದ ಬಟ್ಟೆ ತೆಗೆದುಕೊಂಡು ಅಲ್ಲಿಂದ ಇಳಿದಿದ್ದೆ.

ಬಂದೂಕು ಒರೆಸುವಾಗ ತಮ್ಮ ಕೈಯಿಂದಲೇ ಗುಂಡು ಹಾರಿತೆಂದು ಮುರುಗೆಪ್ಪನವರು ಪೊಲೀಸರಿಗೆ ಹೇಳಿಕೆ ಕೊಟ್ಟರು. ತಂದೆಯೆಂದರೆ ಹೀಗಿರಬೇಕೆಂದು ಓಣಿಯೇ ಮೆಚ್ಚಿತು.

"ಟ್ಯಾಂಕ್ ಹೊಸಾದ ಕೊಡಸ್ತೀನ್ರಿ ಅಕ್ಕಾರ. ಹುಡುಗನ ಭವಿಷ್ಯಾ ನೋಡ್ರಿ," ಎಂದರು ನನಗೆ.

"ಯಾವ ಹುಡುಗಂದ್ರಿ? ಶಿವಯೋಗೀಶಂದೂ ಒಂದ ಭವಿಷ್ಯಾ ಐತೆಲ್ರಿ ಅಣ್ಣಾರ."

"ಬಂದೂಕ ದೇವ್ರ ಮುಂದ ಇತ್ರಿ, ಖರೇ ಹೇಳ್ತೇನಿ."

"ದೇವ್ರ ಮುಂದ ಇಟ್ಟಿದ್ರಿ, ಛಲೋ ಆತು. ಅದನ್ನ ಕಾಯಾಕ ಯಾರನ್ನ ಇಟ್ಟಿದ್ರಿ?"

ಅವರು ಒಳಗೆ ಹೋದರು. ನಾನು ನಿಮ್ಮ ಕಚೇರಿಗೆ ಬಂದೆ.

"ಯಾರಿಗೂ ಏನೂ ಆಗಿಲ್ಲಲ್ರಿ ಮೇಡಂ," ಎಂದರು ನಿಮ್ಮ ಸಿಬ್ಬಂದಿ.

"ಇನ್ನೂ ಇಲ್ರಿ," ಎಂದೆ.

ಅಪ್ಪನದು ಆಕಸ್ಮಿಕ, ಮಗನ ಮೇಲೆ ಸಾಕ್ಷಿಯಿಲ್ಲ, ಆದ್ದರಿಂದ ಬಂದೂಕು ಮನೆಗೆ. ಎಷ್ಟು ಚೊಕ್ಕ ಲೆಕ್ಕ. ಮಗನನ್ನು ಉಳಿಸಲು ಹೇಳಿದ ಸುಳ್ಳು ಮಗನ ಕೈಗೇ ಬಂದೂಕು ಮರಳಿಸುತ್ತಿದೆ. ಇದಕ್ಕೂ ಪರವಾನಗಿ ನೀವೇ ಕೊಡಬೇಕೇ?

ಸಾಕ್ಷಿ ಇದೆ, ಮಾನ್ಯರೇ. ಆ ವಿಡಿಯೋ ಮಾಡಿದವನು ನನ್ನ ಮಗ ನೇಥನ್. ಅದು ಇನ್ನೂ ಅವನ ಫೋನಿನಲ್ಲಿದೆ.

"ನಾ ಬರೇ ಫೋನ್ ಹಿಡ್ದಿದ್ನಿ ಮಮ್ಮಿ."

"ಅದರಾಗ ನಗಾಕತ್ತಿದ್ದು ಯಾರಪಾ?"

ಅಳಿಸಿಬಿಡು ಎಂಬ ಮಾತು ನನ್ನ ನಾಲಿಗೆಯ ತುದಿಗೂ ಬಂದಿತ್ತು. ಮುರುಗೆಪ್ಪನವರಿಗೂ ನನಗೂ ನಡುವೆ ಇರುವುದು ಒಂದು ಕಂಪೌಂಡ್ ಗೋಡೆ ಅಷ್ಟೆ.

ಸೋಮವಾರ ನೇಥನ್‌ನನ್ನು ಕರೆದುಕೊಂಡು ಬರುತ್ತೇನೆ. ವಿಡಿಯೋ ನೋಡಿ, ಅವನ ಹೇಳಿಕೆ ಬರೆಸಿಕೊಳ್ಳಿ. ಬಸವಕಿರಣನನ್ನೂ ಅವನ ತಂದೆಯನ್ನೂ ಕರೆಸಿ. ಇಷ್ಟಾದ ಮೇಲೂ ಬಂದೂಕು ಆ ಮನೆಗೇ ಹೋಗಬೇಕೆನಿಸಿದರೆ, ಅದು ಸುರಕ್ಷಿತವೆಂದು ಶಿವಯೋಗೀಶನ ತಾಯಿಗೆ ನೀವೇ ಹೋಗಿ ಹೇಳಿ.

ಇಂತಿ,
ಮಗ ಸದ್ಯಕ್ಕೆ ಮಾತು ಬಿಟ್ಟಿರುವ ತಾಯಿ,
ಜಾಯ್ಲಿನ್
ಧಾರವಾಡ