ನಿಂತರೆ ಒಂದು ಬೆಲೆ, ಕೂತರೆ ಒಂದು

ಡಿಸೆಂಬರ್ 26, ಸಂಜೆ 4

ಹಿಮ ಚೆನ್ನಾಗಿದೆ. ಬಿಸಿಲೂ ಇದೆ. ಇವೆರಡೂ ಒಟ್ಟಿಗೆ ಸಿಕ್ಕ ದಿನ ಸ್ಕೀ ಮಾಡುವವರೆಲ್ಲ ಹಸಿದುಕೊಂಡೇ ಈ ಬೆಟ್ಟದ ನನ್ನ ಹೋಟೆಲಿನ ಬಾಗಿಲಿಗೆ ಜಾರಿ ಬರುತ್ತಾರೆ. ಎಟ್ಸಿಯೊ ಬೆಳಿಗ್ಗೆಯಿಂದ ನಾಲ್ಕು ಹಂಡೆ ಪೊಲೆಂತ, ಅದೇ ಮೆಕ್ಕೆಜೋಳದ ಮುದ್ದೆ, ತಿರುವಿದ್ದಾನೆ. ಗಂಡನೂ ಅವನೇ, ಅಡುಗೆಯವನೂ ಅವನೇ. ಸಂಬಳ ಕೇಳುವುದಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯವನು.

ಇವತ್ತಿನಿಂದ ಹೊಸ ಬೋರ್ಡು. ಒಂದೂವರೆ ಯೂರೋ ಇದ್ದ ಕಾಫಿ ಮೂರು. ಕೆಂಪು ವೈನ್ ಗ್ಲಾಸಿಗೆ ಎರಡೂವರೆಯಿಂದ ಐದು. ಬೊಂಬಾರ್ದೀನೊ — ಬಿಸಿಬಿಸಿ ಮೊಟ್ಟೆ, ಬ್ರಾಂಡಿ, ಮೇಲೊಂದು ಗುಡ್ಡ ಕೆನೆ — ಎಂಟು. ಚೀಸ್ ಕರಗಿಸಿದ ಪೊಲೆಂತ ಹತ್ತೊಂಬತ್ತು. ಮೇಲಿನ ಹೋಟೆಲಿನಲ್ಲಿ ಇದೇ ಪೊಲೆಂತ ಇಪ್ಪತ್ತನಾಲ್ಕು, ಅದೂ ಪೊಟ್ಟಣದ್ದು.

ಮಿಲಾನಿನವನೊಬ್ಬ ಬೋರ್ಡು ಓದಿ, "ಏನಮ್ಮಾ, ಮೊಟ್ಟೆ ಚಿನ್ನದ್ದಾ?" ಅಂದ.

"ಕೋಳೀದೇ ಸಾರ್. ಆದ್ರೆ ಇಲ್ಲಿಗೆ ಕೇಬಲ್ ಕಾರಲ್ಲಿ ಬಂದಿದೆ, ಟಿಕೆಟ್ ತಗೊಂಡು."

ನಕ್ಕ. ಎರಡು ಕುಡಿದ. ಮಾತಿಗೆ ನಾನು ದುಡ್ಡು ಹಾಕುವುದಿಲ್ಲ, ಆದರೆ ಮಾತಿಲ್ಲದಿದ್ದರೆ ಎರಡನೆಯದು ಹೋಗುತ್ತಿರಲಿಲ್ಲ.

ಡಿಸೆಂಬರ್ 30

ಗಲ್ಲಾ ತುಂಬಿದೆ. ಬಯಲುನಾಡಿಂದ ಪ್ಲೇಟು ತೊಳೆಯೋಕೆ ಅಂತ ಈ ಬೆಟ್ಟ ಹತ್ತಿದವಳು ನಾನು. ಇವತ್ತು ನನ್ನ ಪ್ಲೇಟು ತೊಳೆಯೋಕೆ ಮೂರು ಜನ ಇದ್ದಾರೆ. ಬರೆದುಕೊಳ್ಳೋಕೆ ಏನು ನಾಚಿಕೆ.

ಬೆಲೆ ಏರಿಸಿದ್ದು ದುರಾಸೆಗಲ್ಲ. ಹೋಟೆಲಿನ ಮನೆ ನನ್ನದಲ್ಲ, ಸುತ್ತಲಿನ ಹುಲ್ಲುಗಾವಲೂ ನನ್ನದಲ್ಲ. ಎರಡೂ ಕೆಳಗಿನ ಹಳ್ಳಿಯ ಹನ್ನೊಂದು ಕುಟುಂಬಗಳ ಒಟ್ಟು ಆಸ್ತಿ. ಗುತ್ತಿಗೆ ಈ ವಸಂತಕ್ಕೆ ಮುಗಿಯುತ್ತದೆ. ಯಾರಿಗೆ ಕೊಡುವುದೆಂದು ಫೆಬ್ರವರಿಯಲ್ಲಿ ಮತ ಹಾಕುತ್ತಾರೆ. ತೂರಿನ್ ನಗರದ ಬೆರ್ಗೇರೊ, ಮೂರು ರೆಸ್ಟೋರೆಂಟಿನ ಧಣಿ, ಎರಡು ಪಟ್ಟು ಬಾಡಿಗೆ ಕೊಡ್ತೀನಿ ಅಂದಿದ್ದಾನೆ. ನಾನೂ ಏರಿಸಲೇಬೇಕು. ಇಲ್ಲದಿದ್ದರೆ ಹತ್ತೊಂಬತ್ತು ವರ್ಷದ ಒಲೆ ಇನ್ನೊಬ್ಬನಿಗೆ.

ಜನವರಿ 8

ಪ್ಲಾಚಿದೊ ಅಜ್ಜ ಬಂದಿದ್ದ. ಹನ್ನೊಂದು ಕುಟುಂಬಗಳಿಗೆ ಅವನೇ ಹಿರಿಯ, ಜೀವಮಾನವೆಲ್ಲ ಸ್ಕೀ ಲಿಫ್ಟಿನಲ್ಲಿ ದುಡಿದವನು. ಜೊತೆಗೆ ಮೂವರು ಹಳ್ಳಿಯವರು. ಕೌಂಟರಿನಲ್ಲಿ ನಿಂತೇ ನಾಲ್ಕು ಗ್ಲಾಸ್ ವೈನ್ ಕುಡಿದರು. ಆಮೇಲೆ ನಾಲ್ಕು ಪರ್ಸು ಹೊರಗೆ ಬಂದವು. ಒಬ್ಬೊಬ್ಬನೂ ತನ್ನ ಐದು ಯೂರೋ ಇಟ್ಟ. ಹೋದರು.

ನಮ್ಮಲ್ಲಿ ಹೀಗಿಲ್ಲ. ನಾಲ್ವರು ಕುಡಿದರೆ ಒಬ್ಬ ಕೊಡುತ್ತಾನೆ. ಆಮೇಲೆ ಇನ್ನೊಬ್ಬನ ಸುತ್ತು. ಕೊಡುವಾಗ ಎಳೆದಾಟ, "ಕೈ ತೆಗಿಯೋ, ಮೊನ್ನೆ ನೀನೇ ಕೊಟ್ಟಿದ್ದು", "ಮೊನ್ನೇದು ಮೊನ್ನೆಗಾಯ್ತು". ಸೋತವನು ಮುಖ ಊದಿಸಿಕೊಂಡು ಹೋಗುತ್ತಾನೆ. ಇವತ್ತು ಬ್ಯಾಂಕಿನಷ್ಟು ನಿಶ್ಶಬ್ದ.

ಎಟ್ಸಿಯೊ ಅಡುಗೆಮನೆಯಿಂದ ತಲೆ ಹಾಕಿದ. "ಏನೇ, ಗಲಾಟೇನೇ ಇಲ್ಲ. ಯಾರಾದ್ರೂ ಸತ್ತರಾ?"

"ಯಾರೂ ಇಲ್ಲ."

"ಹಂಗಾದ್ರೆ ನಿನ್ನ ಬೋರ್ಡೇ ಕೊಂದಿರ್ಬೇಕು."

ಮಧ್ಯಾಹ್ನವೆಲ್ಲ ಅವನ ಹತ್ತಿರ ಮಾತು ಬಿಟ್ಟೆ. ಸರಿಯಾದದ್ದು ಹೇಳಿದವನ ಹತ್ತಿರ ಇನ್ನೇನು ಮಾಡೋದು.

ಜನವರಿ 9, ಬೆಳಿಗ್ಗೆ 6

ಕೂತು ಯೋಚಿಸಿದೆ. ಎರಡೂವರೆಯ ಕಾಲದಲ್ಲಿ ನಾಲ್ಕು ಗ್ಲಾಸಿಗೆ ಒಂದು ನೋಟು. ಹಸು ಕಾಯುವವನೂ ಹತ್ತರ ನೋಟು ಎಸೆದು ರಾಜನ ಹಾಗೆ ನಿಲ್ಲಬಹುದಿತ್ತು. ಈಗ ಇಪ್ಪತ್ತು. ಅಷ್ಟು ಕೊಡಲಾರ. ತಾನು ಕೊಡಿಸಲಾರದವನು ಇನ್ನೊಬ್ಬ ಕೊಡಿಸಿದ್ದನ್ನು ಕುಡಿಯುವುದಿಲ್ಲ. ಕುಡಿಯದವನು ಬರುವುದಿಲ್ಲ. ಬಾರದವನು ನನಗ್ಯಾಕೆ ಮತ ಹಾಕಬೇಕು?

ಇಷ್ಟು ವರ್ಷ ಗ್ಲಾಸ್ ಮಾರುತ್ತಿದ್ದೇನೆ ಅಂದುಕೊಂಡಿದ್ದೆ. ಹಳ್ಳಿಯವರಿಗೆ ನಾನು ಮಾರುತ್ತಿದ್ದದ್ದು ಕೊಡಿಸುವ ಸಂತೋಷ. ಬೆಲೆ ನಿಲ್ಲಬೇಕಾದ್ದು ಅಲ್ಲಿ — ಬಡವನೊಬ್ಬ ತಲೆ ತಗ್ಗಿಸದೆ ನಾಲ್ವರಿಗೆ ಕೊಡಿಸುವ ಕಡೆ.

ಆದರೆ ಬಾಡಿಗೆ?

ಜನವರಿ 10

ಸಿಕ್ಕಿತು. ಬೋರ್ಡಿಗೆ ಎರಡು ಸಾಲು. ಕೌಂಟರಿನಲ್ಲಿ ನಿಂತರೆ ಹಳೆಯ ಬೆಲೆ. ಕೂತರೆ ಹೊಸದು. ಪಟ್ಟಣದ ಚೌಕಗಳಲ್ಲಿ ಇದು ಹಳೇ ಪದ್ಧತಿ. ನಮ್ಮ ಇಳಿಜಾರಿನಲ್ಲಿ ಯಾರಿಗೂ ಹೊಳೆದಿರಲಿಲ್ಲ, ಅದೇ ಆಶ್ಚರ್ಯ. ಸ್ಕೀ ಬೂಟು ಹಾಕಿದವನು ಹೆಚ್ಚು ಹೊತ್ತು ನಿಲ್ಲಲಾರ. ಬಿಸಿಲಲ್ಲಿ ಕುರ್ಚಿ ಕಂಡರೆ ಬೆಣ್ಣೆಯ ಹಾಗೆ ಕರಗುತ್ತಾನೆ. ಅವನಿಗೆ ನಾನು ಮಾರುವುದು ಕುರ್ಚಿ. ಜೊತೆಗೆ ಕಾಫಿ ಬರುತ್ತದೆ.

ಜೆನೋವಾದ ಹೆಂಗಸೊಬ್ಬಳು ನಿಂತ ಬೆಲೆಗೆ ಬೊಂಬಾರ್ದೀನೊ ತಗೊಂಡು ಮೆಲ್ಲಗೆ ಕುರ್ಚಿಯ ಕಡೆ ಹೊರಟಳು.

"ಮೇಡಂ, ಅಲ್ಲಿ ಕೂತ್ರೆ ಎಂಟು."

"ಸುಮ್ನೆ ಒರಗ್ತೀನಿ ಅಷ್ಟೆ."

"ಒರಗೋದಕ್ಕೆ ರೇಟಿಲ್ಲ. ಬೆನ್ನು ತಾಗ್ಲಿ, ಕೆಳಗಿಂದು ತಾಗ್ಬಾರ್ದು."

ಕೂತಳು. ಕೊಟ್ಟಳು. ಇನ್ನೊಂದು ತರಿಸಿದಳು.

ಪ್ಲಾಚಿದೊ ಅಜ್ಜ ಬೆರಳಿಟ್ಟು ಎರಡೂ ಸಾಲು ಓದಿದ. "ಇರ್ಮಾ, ನಮಗೆ ದಾನ ಬೇಡಮ್ಮ."

"ದಾನ ಯಾರು ಕೊಟ್ರು ಅಜ್ಜ? ಮಂತ್ರಿ ಬಂದು ನಿಂತ್ರೂ ಇದೇ ರೇಟು. ನೀನು ಕೂತ್ರೆ ನಿನಗೂ ಐದು, ಬಿಡೋಳಲ್ಲ ನಾನು."

ಹತ್ತು ನಿಮಿಷಕ್ಕೆಲ್ಲ ಕೌಂಟರಿನಲ್ಲಿ ಎಳೆದಾಟ ಶುರು. ಒಂದು ಗ್ಲಾಸ್ ಒಡೆಯಿತು. ಅದಕ್ಕೆ ದುಡ್ಡು ಹಾಕಲಿಲ್ಲ. ಮೊದಲ ಸಲ.

ಜನವರಿ 22

ಬೆರ್ಗೇರೊ ನಕ್ಷೆ ಹಿಡಿದುಕೊಂಡೇ ಬಂದ. ಒಳ್ಳೆಯ ಮನುಷ್ಯ, ಒಳ್ಳೆಯ ಕೋಟು. ಹಳ್ಳಿಯವರಿಗೆಲ್ಲ ತೋರಿಸಿದ: ಗಾಜಿನ ಗೋಡೆ, ಮೆತ್ತನೆ ಸೋಫಾ, ಬರೀ ಟೇಬಲ್ಲು.

"ಕೌಂಟರ್ ಎಲ್ಲಿದೆ?" ಪ್ಲಾಚಿದೊ ಕೇಳಿದ.

"ಕೌಂಟರ್ ಯಾಕೆ ಅಜ್ಜ? ಎಲ್ಲಾ ಆರಾಮಾಗಿ ಕೂತ್ಕೊಳ್ಳಿ."

ಎಲ್ಲರಿಗೂ ಒಂದು ಸುತ್ತು ವೈನ್ ಕೊಡಿಸಿದ. ಕುಡಿದಾದ ಮೇಲೆ ಪ್ಲಾಚಿದೊ ನೋಟು ತೆಗೆದ, ಈಗ ತನ್ನ ಸುತ್ತು ಅಂತ. ಬೆರ್ಗೇರೊ ಆ ಕೈಯನ್ನು ಪ್ರೀತಿಯಿಂದಲೇ ಹಿಂದಕ್ಕೆ ತಳ್ಳಿದ. "ಇಟ್ಕೊಳ್ಳಿ ಅಜ್ಜ, ಪಿಂಚಣಿ ದುಡ್ಡು. ಇವತ್ತೆಲ್ಲಾ ನನ್ನದೇ."

ಪ್ಲಾಚಿದೊ ನೋಟನ್ನು ಮಡಿಸಿ, ಮತ್ತೆ ಮಡಿಸಿ, ಜೇಬಿಗಿಟ್ಟ. ನಾನು ಗ್ಲಾಸ್ ಒರೆಸುತ್ತಿದ್ದೆ. ಬೆರ್ಗೇರೊನನ್ನು ಮೊದಲೇ ಕಣ್ಣು ಮಿಟುಕಿಸಿ ಎಚ್ಚರಿಸಬಹುದಿತ್ತು. ಎಚ್ಚರಿಸಲಿಲ್ಲ. ಪೈಪೋಟಿಯವನಿಗೆ ಪಾಠ ಹೇಳಿದರೆ ಫೀಸು ಯಾರು ಕೊಡ್ತಾರೆ.

ಆದರೂ... ಎರಡು ಪಟ್ಟು ಅಂದರೆ ಎರಡು ಪಟ್ಟೇ. ಹಳ್ಳಿಯ ನೀರಿನ ಪೈಪು ಬದಲಾಯಿಸಬೇಕಿದೆ. ಹನ್ನೊಂದು ಕುಟುಂಬಗಳಲ್ಲಿ ಪೆದ್ದರು ಯಾರೂ ಇಲ್ಲ.

ಫೆಬ್ರವರಿ 1

ಕುರ್ಚಿಗಳು ಚೆನ್ನಾಗಿ ದುಡಿಯುತ್ತಿವೆ. ಅವುಗಳ ಬಲದ ಮೇಲೆ ಬಾಡಿಗೆ ಮೂರನೇ ಒಂದು ಭಾಗ ಜಾಸ್ತಿ ಕೊಡ್ತೀನಿ ಅಂತ ಬರೆದುಕೊಟ್ಟೆ. ಎರಡು ಪಟ್ಟು ಕೊಡಲಾರೆ. ಸುಳ್ಳು ಬೆಲೆ ಬರೆದು ಅಭ್ಯಾಸವಿಲ್ಲ.

"ಗುತ್ತಿಗೆ ಕೈಬಿಟ್ಟು ಹೋದ್ರೆ?" ಎಟ್ಸಿಯೊ ಕೇಳಿದ.

"ಪ್ಲೇಟು ತೊಳೆಯೋದು ಮರೆತಿಲ್ಲ."

"ನನಗೆ ಬೇರೆ ಒಲೆ ಒಗ್ಗಲ್ಲ ಕಣೆ," ಅಂದ. ಹಂಡೆ ಉಜ್ಜುತ್ತಿದ್ದ. ಮುಖ ತೋರಿಸಲಿಲ್ಲ.

ಫೆಬ್ರವರಿ 2, ಮಧ್ಯಾಹ್ನ 3

ಉಗ್ರಾಣದಲ್ಲಿ ನಿಂತು ಬರೆಯುತ್ತಿದ್ದೇನೆ. ಹನ್ನೊಂದು ಕುಟುಂಬಗಳಿಂದ ಒಬ್ಬೊಬ್ಬರು ಮತ ಹಾಕೋಕೆ ನಮ್ಮ ಊಟದ ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದರು. "ಎರಡು ಪಟ್ಟು, ಎರಡು ಪಟ್ಟು" ಅಂತ ಒಂದು ಹೆಂಗಸಿನ ದನಿ. ಪೈಪಿನ ಮಾತು. ಆಮೇಲೆ ಪ್ಲಾಚಿದೊ ಏನೋ ಅಂದ, ಸಣ್ಣಗೆ. ಕೇಳಿಸಲಿಲ್ಲ. ಕೈ ಎತ್ತುವುದಕ್ಕೆ ಸದ್ದಾಗುವುದಿಲ್ಲವಲ್ಲ.

ಬಾಗಿಲು ತೆರೆಯಿತು. ಹೊರಗೆ ಬಿಸಿಲಿತ್ತು, ಕುರ್ಚಿಗಳೆಲ್ಲ ಖಾಲಿ. ಒಬ್ಬರೂ ಆ ಕಡೆ ಹೋಗಲಿಲ್ಲ. ನೆಟ್ಟಗೆ ಕೌಂಟರಿಗೆ ಬಂದು ಒತ್ತಿಕೊಂಡು ನಿಂತರು. ಪ್ಲಾಚಿದೊ ಮೊಣಕೈ ಊರಿ ಬೋರ್ಡು ನೋಡಿದ, ನನ್ನನ್ನು ನೋಡಿದ.

"ಬರೋ ಚಳಿಗಾಲಾನೂ ಇದೇ ರೇಟು ತಾನೆ, ಇರ್ಮಾ?"

ಬರೋ ಚಳಿಗಾಲ. ಕೇಳಿದ್ದು ನನ್ನನ್ನೇ, ಬೆರ್ಗೇರೊನನ್ನಲ್ಲ.

ಬಾಟಲಿ ತರ್ತೀನಿ ಅಂತ ಒಳಗೆ ಬಂದೆ. ಬಾಟಲಿಗೇ ಬಂದದ್ದು, ಕಣ್ಣೊರೆಸಿಕೊಳ್ಳೋಕೆ ಅಲ್ಲ. ಎಟ್ಸಿಯೊ ಕೂಗುತ್ತಿದ್ದಾನೆ, ಅವನ ದನಿಯೂ ಸರಿಯಿಲ್ಲ. ಉತ್ತರ ಇನ್ನೂ ಹೇಳಿಲ್ಲ. ಹೇಳಿಬಿಡಬೇಕು, ನಿಂತವರಿಗೆ—