ಬಿರುಕಿನ ಮೇಲಿನ ಗಾಜು

ಅಣ್ಣಾ,

ಹನ್ನೊಂದು ಗಂಟೆಗೆ ಭೂವಿಜ್ಞಾನ ಇಲಾಖೆ ಮೇಡಂ ಗೋಡೆ ನೋಡೋಕೆ ಬರ್ತಾರೆ. ನಂಗೆ ರಜ ಸಿಗಲಿಲ್ಲ, ನೀನೇ ಮನೇಲಿರು.

ಬಿರುಕಿನ ಮೇಲೆ ಅವರು ಅಂಟಿಸಿಹೋದ ಗಾಜಿನ ಪಟ್ಟಿ ಮುಟ್ಟಬೇಡ. ಒರೆಸಲೂಬೇಡ. ಹಿಂದಿನ ಗುಡ್ಡ ಒಂದು ಕೂದಲೆಳೆ ಜರುಗಿದ್ರೂ ಅದು ಒಡೆಯುತ್ತೆ, ನಾವು ಮನೆ ಖಾಲಿ ಮಾಡ್ಬೇಕು. ಮೂರು ತಿಂಗಳು ಒಡೀದೆ ಉಳಿದ್ರೆ ಇಲ್ಲೇ ಇರಬಹುದು, ರಿಪೇರಿಗೂ ಅನುಮತಿ ಕೊಡ್ತಾರೆ.

ಹೋದ ಸಲ ನಿನ್ನ ಪೇಂಟರ್ ಕೈ ಸುಮ್ಮನಿರಲಿಲ್ಲ. ನೀನೇ ಗಾಜು ಕಿತ್ತು, ಬಿರುಕಿಗೆ ಪುಟ್ಟಿ ಮೆತ್ತಿ, ಬಣ್ಣ ಬಳಿದು, "ಗೋಡೆ ಹೊಸದಾಯ್ತು ನೋಡಿ ಮೇಡಂ" ಅಂದೆ. ಅವರು ಕನ್ನಡಕ ತೆಗೆದು ನಿನ್ನನ್ನೇ ನೋಡ್ತಾ ನಿಂತಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೂರು ತಿಂಗಳ ಲೆಕ್ಕ ಮತ್ತೆ ಮೊದಲಿಂದ ಶುರುವಾಯ್ತು. ಇವತ್ತಿಗೆ ಅದು ಮುಗಿಯುತ್ತೆ.

ಈ ಸಲ ಟೀ ಕೊಟ್ಟು ಬಾಯಿಗೆ ಬೀಗ ಹಾಕ್ಕೊಂಡಿರು.

ಈಗಷ್ಟೇ ಟಾರ್ಚ್ ಹಿಡಿದು ನೋಡಿದೆ. ಗಾಜಿನ ಮೇಲೆ ಒಂದು ಗೆರೆನೂ ಇಲ್ಲ.

ಪುಟ್ಟಿ ಡಬ್ಬ ಹುಡುಕಬೇಡ, ಬಚ್ಚಿಟ್ಟಿದ್ದೀನಿ. ಮೇಡಂ ಸಹಿ ಹಾಕಿ ಗೇಟು ದಾಟಿದ ಮೇಲೆ ನನ್ನ ಬೀರು ತೆಗಿ, ಕೆಳಗಿನ ಖಾನೇಲಿದೆ. ಪಕ್ಕದಲ್ಲೇ ನೀನು ಆಸೆಪಟ್ಟಿದ್ದ ನೀಲಿ ಬಣ್ಣದ ಡಬ್ಬನೂ ಇದೆ. ನಿನ್ನೆನೇ ತಂದಿಟ್ಟೆ.